ಗಾಯದ ಸಮೇತ ಎದ್ದು ಬಂದವನು

ಕಷ್ಟ ಮನುಷ್ಯನನ್ನು ದೊಡ್ಡವನನ್ನಾಗಿ ಮಾಡುತ್ತದೆ ಎಂದು ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಂಥವರು ಯಾರೂ ಸ್ವತಃ ಕಷ್ಟದಲ್ಲಿರುವುದಿಲ್ಲ. ಕಷ್ಟದಲ್ಲಿರುವವರ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ರೋಗಿಗೆಂದು ತಂದ ಎಳನೀರನ್ನು ತಾವೇ ಕುಡಿಯುತ್ತ ಕೂತಿರುತ್ತಾರೆ. ನಾನೇನೂ ದೊಡ್ಡವಳಾಗಲಿಲ್ಲ. ಗುದದ ಹತ್ತಿರ ಕ್ಯಾನ್ಸರ್ ಬಂತು, ಅದನ್ನು ಕೊಯ್ದು ತೆಗೆದರು, ಆ ದಾರಿಯನ್ನೇ ಹೊಲಿದು ಮುಚ್ಚಿದರು. ಈಗ ಹೊಟ್ಟೆಯ ಎಡಕ್ಕೆ ಒಂದು ತೂತು, ಅದರ ಮೇಲೆ ಒಂದು ಚೀಲ. ಮಲ ಅಲ್ಲಿಂದ ಬರುತ್ತದೆ, ಸಾಯುವ ತನಕ ಅಲ್ಲಿಂದಲೇ ಬರುತ್ತದೆ. ಓದಲು ಅಸಹ್ಯವೆನಿಸಿದವರು ಪುಟ ಮಗುಚಬಹುದು. ಈ ಮಾತನ್ನು ಯಾರಾದರೂ ಮೊದಲೇ ನನಗೆ ಇಷ್ಟು ನೇರವಾಗಿ ಹೇಳಿದ್ದರೆ ಎಷ್ಟೋ ಅಳು ಉಳಿಯುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಶಾರದಾ. ಅಕ್ಕಲಕೋಟದ ಒಂದು ಸರಕಾರಿ ಕಚೇರಿಯಲ್ಲಿ ಕಾರಕೂನಳಾಗಿದ್ದೆ. ನಮ್ಮ ಮನೆಯವರು ಮಲ್ಲಿನಾಥ, ಕನ್ನಡ ಶಾಲೆಯ ಮಾಸ್ತರಿಕೆಯಿಂದ ನಿವೃತ್ತರಾದವರು. ರಕ್ತ ಬೀಳತೊಡಗಿದಾಗ ನಾನು ಮೂಲವ್ಯಾಧಿ ಎಂದುಕೊಂಡೆ. ನಾನೊಬ್ಬಳೇ ಅಲ್ಲ, ಊರೆಲ್ಲ ಹಾಗೇ ಅಂದುಕೊಂಡಿತು. ಮೂಲವ್ಯಾಧಿಗೆ ಔಷಧ ಗೊತ್ತಿಲ್ಲದ ಮನುಷ್ಯ ನಮ್ಮ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಕಚೇರಿಯ ಹೆಡ್ ಕ್ಲಾರ್ಕ್ ದುಧನಿಯ ಯಾರೋ ಕೊಡುವ ಪುಡಿ ತರಿಸಿಕೊಟ್ಟರು, ಜವಾನ ಒಂದು ಸೊಪ್ಪಿನ ಹೆಸರು ಹೇಳಿದ, ಎದುರುಮನೆಯಾಕೆ ಮಜ್ಜಿಗೆಯಲ್ಲಿ ಅದೇನನ್ನೋ ಕದಡಿ ಕುಡಿಸಿದಳು. ಎಲ್ಲವನ್ನೂ ಕುಡಿದೆ. ತಿಂಗಳುಗಟ್ಟಲೆ ಕುಡಿದು, ಮೈಯಲ್ಲಿ ರಕ್ತವೇ ಇಲ್ಲದಂತಾಗಿ ಕಚೇರಿಯ ಮೆಟ್ಟಿಲ ಮೇಲೆ ಕುಸಿದ ಮೇಲೆ ನಮ್ಮ ಮನೆಯವರು ನನ್ನನ್ನು ಸೋಲಾಪುರದ ಆಸ್ಪತ್ರೆಗೆ ಕರೆದೊಯ್ದರು.

ಅಲ್ಲಿಯ ಡಾಕ್ಟರು ವಯಸ್ಸಿನಲ್ಲಿ ಸಣ್ಣವನು. ನಮ್ಮ ಮುಖ ನೋಡದೆ ಕಂಪ್ಯೂಟರಿನ ಮುಖ ನೋಡುತ್ತ ಮರಾಠಿಯಲ್ಲಿ ಹೇಳಿದ: ಗಂಟು ಇದೆ, ಕೆಟ್ಟ ಗಂಟು, ಮೊದಲು ಕರೆಂಟು, ಅಂದರೆ ರೇಡಿಯೇಷನ್, ಕೊಡಬೇಕು, ಆಮೇಲೆ ಆಪರೇಷನ್, ಆಮೇಲೆ ಹೊಟ್ಟೆಯ ಮೇಲೆ ಕಾಯಂ ಚೀಲ. ಹೀಗೆ ಮಾಡಿದರೆ ಬದುಕುತ್ತೀರಿ ಎಂದ. ಬದುಕುತ್ತೀರಿ ಎನ್ನುವುದನ್ನು ಮೊದಲು ಹೇಳಬಾರದಿತ್ತೇ ಈ ಪುಣ್ಯಾತ್ಮ? ನನ್ನ ಕಿವಿ ಚೀಲ ಎಂಬಲ್ಲಿಗೇ ಮುಚ್ಚಿಹೋಗಿತ್ತು. ಕರೆಂಟು ಬೇಕಾದರೆ ಕೊಡಿ, ಆಪರೇಷನ್ ಮಾತ್ರ ಬೇಡ ಎಂದೆ. ಮನೆಯವರು ಬಸ್ಸಿನ ಟಿಕೆಟನ್ನು ಬೆರಳಲ್ಲಿ ಸುರುಳಿ ಸುತ್ತುತ್ತ ಕೂತಿದ್ದರು.

ಸುದ್ದಿ ತಿಳಿದದ್ದೇ ತಡ, ಮಾತಾಡಿಸಲು ಜನ ಬರತೊಡಗಿದರು. ನಮ್ಮ ಕಡೆ ಜಡ್ಡಾದವರನ್ನು ಮಾತಾಡಿಸಲು ಬರುವುದು ಒಂದು ದೊಡ್ಡ ಕರ್ತವ್ಯ. ಬಂದವರು ಬಿಸ್ಕಿಟಿನ ಪುಡಿಕೆ ಇಟ್ಟು, ಚಹಾ ಬರುವ ತನಕ ನನ್ನ ರೋಗಕ್ಕೆ ಕಾರಣ ಹುಡುಕುತ್ತಿದ್ದರು. ಒಬ್ಬರಿಗೆ ಅದು ಹಿಂದಿನ ಜನ್ಮದ ಕರ್ಮ, ಇನ್ನೊಬ್ಬರಿಗೆ ಮನೆದೇವರಿಗೆ ಹೋಗದೆ ಇದ್ದದ್ದು. ಒಬ್ಬಾಕೆ ಮಾತ್ರ ನನ್ನ ಬಾಯಿ ಸ್ವಲ್ಪ ಜೋರು, ಯಾರೋ ನೊಂದುಕೊಂಡಿರಬೇಕು ಎಂದು ನನ್ನೆದುರಿಗೇ ಹೇಳಿ ಎರಡನೇ ಕಪ್ಪು ಚಹಾ ಕೇಳಿದಳು. ಕಾರಣ ಸಿಕ್ಕಿದ ಕೂಡಲೇ ಅವರ ಮುಖದ ಮೇಲೆ ಒಂದು ನೆಮ್ಮದಿ ಬರುತ್ತಿತ್ತು. ತಪ್ಪು ನನ್ನದಾದರೆ ಈ ರೋಗ ಅವರ ಮನೆಗೆ ಬರುವುದಿಲ್ಲವಲ್ಲ, ಆ ನೆಮ್ಮದಿ. ಥೂ.

ಇವರೆಲ್ಲರ ಮಾತು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ. ಬಿಡಲಾಗದೆ ಒಳಗೇ ಉಳಿದದ್ದು ನನ್ನ ನೆಗೆಣ್ಣಿ ಗುರುಬಾಯಿಯ ಮಾತು. ಈಕೆ ನಮ್ಮ ಭಾವನವರ ಹೆಂಡತಿ, ಚಪಳಗಾಂವದಲ್ಲಿ ಹೊಲಮನೆ ನೋಡಿಕೊಂಡಿರುವವಳು. ಕೆಟ್ಟವಳಲ್ಲ, ನನಗೆ ಊಟ ಸೇರುವುದಿಲ್ಲವೆಂದು ಎಮ್ಮೆಯ ಮೊಸರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಚೀಲದ ವಿಷಯ ಕೇಳಿ ಮೊಸರಿನ ಪಾತ್ರೆ ಕೆಳಗಿಟ್ಟಳು. ಆಮೇಲೆ ನನ್ನ ಕೊರಳಿನ ಶಿವದಾರದ ಕಡೆ ನೋಡಿ ಅಂದಳು:

“ಎದಿ ಮ್ಯಾಲ ಲಿಂಗ, ಅದರ ಕೆಳಗ ಒಂದ ಗೇಣಿಗಿ ಹೇಲಿನ ಚೀಲ. ಪೂಜಿಗಿ ಹ್ಯಾಂಗ ಕೂಡತಿ ಶಾರದಾ?”

ನಾನು ಭಾರೀ ಭಕ್ತೆಯೇನಲ್ಲ. ಆದರೆ ಹುಟ್ಟಿದಾಗ ಕಟ್ಟಿದ ಲಿಂಗ ಅದು. ಹೆರಿಗೆಯಲ್ಲೂ ಬಿಚ್ಚಿಲ್ಲ, ಅಪ್ಪ ಸತ್ತ ದಿನವೂ ಬಿಚ್ಚಿಲ್ಲ. ದಿನಾ ಸ್ನಾನವಾದ ಮೇಲೆ ಅದನ್ನು ಎಡಗೈ ಮೇಲಿಟ್ಟುಕೊಂಡು ಕೂಡುವ ಆ ಐದು ನಿಮಿಷದಲ್ಲಿ ಮಾತ್ರ ನಾನು ಯಾರೊಂದಿಗೂ ಜಗಳವಾಡುವುದಿಲ್ಲ. ಅದನ್ನೂ ಕಳೆದುಕೊಂಡು, ನನ್ನ ಮನೆಯಲ್ಲೇ ಹೊಸ್ತಿಲಾಚೆ ಕೂಡುವ ಹೆಂಗಸಾಗಿ ಬದುಕುವುದಕ್ಕಿಂತ ಸತ್ತರಾಯಿತು ಎಂದು ನಿಶ್ಚಯ ಮಾಡಿದೆ. ಸಾವಿನ ಭಯ ನನಗಿರಲಿಲ್ಲ ಎಂದರೆ ಸುಳ್ಳು. ಆದರೆ ಅದಕ್ಕಿಂತ ಹೇಸಿಗೆಯ ಭಯ ದೊಡ್ಡದಾಗಿತ್ತು.

ಕರೆಂಟಿಗೆಂದು ದಿನಾ ಅಕ್ಕಲಕೋಟದಿಂದ ಸೋಲಾಪುರಕ್ಕೆ ಬಸ್ಸು. ನಮ್ಮೂರ ಸ್ವಾಮಿಗಳ ದರ್ಶನ ಮುಗಿಸಿ ಹೊರಟ ಭಕ್ತರ ನಡುವೆ ಜಾಗ ಹಿಡಿದು, ಆಸ್ಪತ್ರೆಯ ನೆಲಮಾಳಿಗೆಯ ಬೆಂಚಿನ ಮೇಲೆ ಕಾಯಬೇಕು. ಕಿಬ್ಬೊಟ್ಟೆಗೆ ಕರೆಂಟು ಕೊಡುವವರು ಮೊದಲು ಹೊಟ್ಟೆ ತುಂಬ ನೀರು ಕುಡಿದು ಮೂತ್ರ ಕಟ್ಟಿಕೊಂಡಿರಬೇಕೆಂಬ ನಿಯಮ. ನಾವೆಲ್ಲ ಕುಡಿದು, ಕಾಲ ಮೇಲೆ ಕಾಲು ಬಿಗಿದುಕೊಂಡು ಕೂತ ಮೇಲೆ ಯಂತ್ರ ಕೆಟ್ಟಿದೆ ಎಂದು ಒಬ್ಬ ಹುಡುಗಿ ಬಂದು ನಗುನಗುತ್ತ ಹೇಳುತ್ತಿದ್ದಳು. ಬಾಯಿಬಿಟ್ಟು ಬೈದರೂ ಅಪಾಯ, ನಕ್ಕರೂ ಅಪಾಯ.

ಅಲ್ಲೇ ಸಗುಣಾಬಾಯಿ ಸಿಕ್ಕಿದ್ದು. ನನಗಿಂತ ಹತ್ತು ವರ್ಷ ಹಿರಿಯಳು, ಸೋಲಾಪುರದ ಶಾಲೆಯೊಂದರಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿ ನಿವೃತ್ತಳಾದವಳು. ತವರು ದುಧನಿ, ಹಾಗಾಗಿ ಕನ್ನಡ ನಮ್ಮದೇ. ಕ್ರಿಶ್ಚಿಯನ್ನರು. ಒಂದು ಮೊಲೆ ತೆಗೆದಿದ್ದರು, ಆ ಜಾಗಕ್ಕೆ ಕರೆಂಟು ನಡೆದಿತ್ತು. ಮೊದಮೊದಲು ನಾವು ಮಾತಾಡಲಿಲ್ಲ. ಬೈಬಲ್ಲು ತೆಗೆದುಕೊಂಡು ನನ್ನ ಮೇಲೆ ಬೀಳುತ್ತಾಳೆಂದು ನಾನೇ ಮುಖ ಗಂಟಿಕ್ಕಿಕೊಂಡು ಕೂತಿದ್ದೆ.

ಬಿದ್ದವನು ಬೇರೆಯವನು. ಇಸ್ತ್ರಿ ಮಾಡಿದ ಅಂಗಿಯ ಒಬ್ಬ ತರುಣ ಬೋಧಕ ಒಂದು ದಿನ ಬೆಂಚಿನಿಂದ ಬೆಂಚಿಗೆ ಹೋಗುತ್ತ ಎಲ್ಲರ ತಲೆಯ ಮೇಲೆ ಕೈಯಿಡತೊಡಗಿದ. ನಂಬಿದರೆ ಸಾಕು, ಈ ಯಂತ್ರ ಗಿಂತ್ರ ಬೇಡ, ಯೇಸು ಇವತ್ತೇ ವಾಸಿ ಮಾಡುತ್ತಾನೆ. ವಾಸಿಯಾಗದಿದ್ದರೆ ನಂಬಿಕೆಯಲ್ಲಿ ಕೊರತೆ ಇದೆ ಎಂದು ತಿಳಿಯಿರಿ ಎನ್ನುತ್ತಿದ್ದ. ನನಗೆ ನಗು ಬಂತು, ಮೂತ್ರದ ಭಯಕ್ಕೆ ತಡೆದುಕೊಂಡೆ. ಕರ್ಮ ಎಂದವರೂ ಇವನೂ ಒಂದೇ ಅಂಗಡಿಯವರು: ಏನೇ ಆದರೂ ತಪ್ಪು ರೋಗಿಯದು. ಅವನು ಸಗುಣಾಬಾಯಿಯ ತಲೆಗೆ ಕೈ ಚಾಚಿದ. ಆಕೆ ಅವನ ಮಣಿಕಟ್ಟು ಹಿಡಿದು ಕೆಳಗಿಳಿಸಿದಳು.

“ನೀ ಯಾರ ಹೆಸರ ಹೇಳಾಕತ್ತೀಯಲ್ಲ, ಅಂವಗ ಶಿಲುಬಿ ಮ್ಯಾಲಿಂದ ಇಳದ ಬಾ ಅಂತ ಮಂದಿ ಅಂದ್ರು. ಅಂವ ಇಳೀಲಿಲ್ಲ. ನಮಗ ಇಳಸಾಕ ನೀ ಯಾಕ ಬಂದಿ ತಮ್ಮಾ? ಬಿಸಲ ಭಾಳ ಅದ, ನೀರ ಕುಡದ ಮನಿಗಿ ಹೋಗು.”

ಅವನು ನೀರನ್ನೂ ಕುಡಿಯಲಿಲ್ಲ, ಕಾಲಿಗೆ ಬುದ್ಧಿ ಹೇಳಿದ. ನನ್ನಷ್ಟೇ ಕೆಟ್ಟ ಸಿಟ್ಟಿನ ಇನ್ನೊಬ್ಬಳನ್ನು ಕಂಡು ನನಗೆ ಎಷ್ಟು ಖುಷಿಯಾಯಿತೆಂದರೆ, ಮರುದಿನ ಆಕೆಯ ಪಕ್ಕವೇ ಹೋಗಿ ಕೂತೆ.

ಮುಂದಿನ ಶುಕ್ರವಾರ ಯಂತ್ರಕ್ಕೆ ರಜೆ ಎಂದು ಗೋಡೆಗೆ ಕಾಗದ ಅಂಟಿಸಿದ್ದರು. ಗುಡ್ ಫ್ರೈಡೇ, ಅವರ ಯೇಸು ಸತ್ತ ದಿನ. ಸತ್ತ ದಿನಕ್ಕೆ ಶುಭ ಎಂದು ಹೆಸರಿಟ್ಟುಕೊಳ್ಳುವ ಜನರನ್ನು ನಾನು ಎಲ್ಲೂ ಕಂಡಿಲ್ಲ ಎಂದು ಸಗುಣಾಬಾಯಿಯನ್ನು ಕೆಣಕಿದೆ. ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೊರಹಾಕಿದೆ. ಅವನೇನು ತಪ್ಪು ಮಾಡಿದ್ದ? ಏನೂ ಇಲ್ಲವಂತೆ. ಹಾಗಾದರೆ ಬೇರೆಯವರ ಪಾಪಕ್ಕೆ ಇವನು ಯಾಕೆ ಮೊಳೆ ಹೊಡೆಸಿಕೊಂಡ? ನಮ್ಮ ಕಚೇರಿಯಲ್ಲಿ ಒಬ್ಬನ ದಂಡವನ್ನು ಇನ್ನೊಬ್ಬನ ಮೇಲೆ ಹಾಕಿದರೆ ಸಾಹೇಬರನ್ನೇ ಮನೆಗೆ ಕಳಿಸುತ್ತಾರೆ. ನಿಮ್ಮ ದೇವರಿಗೆ ಇಷ್ಟೂ ಕಾಯ್ದೆ ಗೊತ್ತಿಲ್ಲವೇ ಎಂದೆ.

ಆಕೆಗೆ ಬೇಸರವಾಗಲಿಲ್ಲ. ಶಿಲುಬೆಯ ಕೆಳಗೆ ನಿಂತವರೂ ನಿನ್ನನ್ನು ಮಾತಾಡಿಸಲು ಬಂದ ಮಂದಿಯಂಥವರೇ, ಇವನೇ ಏನೋ ಮಾಡಿರಬೇಕು ಎಂದು ತಲೆಯಾಡಿಸುತ್ತಿದ್ದರು ಎಂದಳು. ಅವನು ದೇವರೇ, ದೇವರೇ, ನನ್ನ ಕೈ ಯಾಕೆ ಬಿಟ್ಟೆ ಎಂದು ಕೂಗಿದನಂತೆ, ಉತ್ತರ ಬರಲಿಲ್ಲವಂತೆ. ಬೇರೆಯವರ ಪಾಪದ ಮಾತಿಗೆ ಮಾತ್ರ ಆಕೆ ನಮ್ಮ ಮನೆಯವರ ಊಟದ ವಿಷಯ ಎತ್ತಿದಳು. ಕರೆಂಟಿನಿಂದ ನನ್ನ ಕರುಳು ಸುಟ್ಟು, ಗಂಜಿ ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ಶೇಂಗಾಚಟ್ನಿ ಇಲ್ಲದೆ ತುತ್ತೆತ್ತದ ಮನುಷ್ಯ ನಮ್ಮ ಮಾಸ್ತರರು. ಅವರೂ ನನ್ನ ಜೊತೆ ಅದೇ ಉಪ್ಪಿಲ್ಲದ ಗಂಜಿ ಉಣ್ಣುತ್ತಿದ್ದರು. ಹುಚ್ಚುತನ ಎಂದು ನಾನೇ ಆಕೆಯ ಮುಂದೆ ಆಡಿಕೊಂಡಿದ್ದೆ.

“ಅವರು ಗಂಜಿ ಉಂಡ್ರ ನಿನ್ನ ಹೊಟ್ಟಿಬ್ಯಾನಿ ಕಡಿಮಿ ಆಗ್ತದೇನು?” ಎಂದು ಕೇಳಿದಳು.

“ಎಲ್ಲಿ ಆಗ್ತದರಿ.”

“ಮತ್ತ ಯಾಕ ಉಣ್ಣತಾರ?”

ಯೇಸು ಮೊಳೆ ಹೊಡೆಸಿಕೊಂಡದ್ದೂ ಹಾಗೇ, ತನಗೆ ಅದಕ್ಕಿಂತ ಹೆಚ್ಚು ತಿಳಿದಿಲ್ಲ, ತಿಳಿದಿದೆ ಎನ್ನುವವರನ್ನು ನಂಬಬೇಡ ಎಂದಳು. ನನಗೆ ಆ ವಿವರಣೆ ಸಾಲಲಿಲ್ಲ. ಇವತ್ತಿಗೂ ಸಾಲದು. ಆದರೆ ಅಂದು ಮನೆಗೆ ಹೋಗಿ ಅವರು ಗಂಜಿ ಸುರಿಯುವ ಸದ್ದು ಕೇಳುತ್ತ ಕೂತು ನನ್ನ ಪಾಲಿನ ಗಂಜಿಯನ್ನೂ ಉಂಡು ಮುಗಿಸಿದೆ.

ಅವನು ಎದ್ದು ಬಂದ ಈಸ್ಟರ್ ಹಬ್ಬ ಮುಗಿಸಿ ಸೋಮವಾರ ಬಂದವಳು ನನಗೆ ಒಂದು ಕೇಕಿನ ತುಂಡು ತಂದಿದ್ದಳು. ತಿನ್ನುವ ಹಾಗಿರಲಿಲ್ಲ, ಮೂಸಿ ನೋಡಿ ಕಟ್ಟಿಟ್ಟೆ. ಆಗ ಆಕೆಗೆ ಮೊದಲ ಬಾರಿ ಚೀಲದ ವಿಷಯ ಹೇಳಿದೆ, ನೆಗೆಣ್ಣಿ ಅಂದ ಮಾತನ್ನೂ ಹೇಳಿದೆ, ಆಪರೇಷನ್ ಬೇಡವೆಂದಿದ್ದೇನೆ ಎಂದೂ ಹೇಳಿದೆ. ಸಗುಣಾಬಾಯಿ ನನ್ನನ್ನು ತಿನ್ನುವಂತೆ ನೋಡಿದಳು.

“ಅಂವಗ ಊರ ಹೊರಗ ಒಯ್ದ್ರು. ಅರಿವಿ ಕಿತ್ತಗೊಂಡ್ರು. ಕಳ್ಳರ ನಡಕ ನಿಲ್ಲಿಸಿ ಮೊಳಿ ಹೊಡದ್ರು. ನಮ್ಮ ದೇವರು ಇದ್ದದ್ದು ಅಂಥಲ್ಲಿ. ನಿನ್ನ ಒಂದ ಚೀಲಕ್ಕ ಹೇಸತಾನೇನು?”

ಅದು ನಿಮ್ಮ ದೇವರ ಹಣೆಬರಹ, ಮೂರನೇ ದಿನ ಎದ್ದು ಬಂದು ಮೊದಲಿನ ಹಾಗಾದನಲ್ಲ, ನನಗೆ ಸಾಯುವ ತನಕ ಇದೇ ಗತಿ ಎಂದೆ. ಆಕೆ ತಲೆ ಅಲ್ಲಾಡಿಸಿದಳು.

“ಮೊದಲಿನಂಗ ಆಗಲಿಲ್ಲ. ಅಲ್ಲೇ ಅದ ನೋಡು ಎಲ್ಲಾ. ಸತ್ತ ದೇಹ ಎಬ್ಬಿಸಿದ ದೇವರಿಗಿ ಆ ತೂತ ಮುಚ್ಚೂದು ಆಗ್ತಿದ್ದಿಲ್ಲೇನು? ಮುಚ್ಚಲಿಲ್ಲ. ಗಾಯದ ಸಮೇತ ಎಬ್ಬಿಸಿದ. ಅಂವ ಮಂದಿಗಿ ಅದನ್ನಽ ತೋರಿಸಿದ, ಮುಟ್ಟಿ ನೋಡ್ರಿ, ನಾನಽ ಅಂದ.”

ಅರ್ಧ ಮರ್ಧ ರಿಪೇರಿ ಎಂದು ನಾನು ಮೂಗು ಮುರಿದೆ. ಆಕೆ ನಕ್ಕಳು, ನಕ್ಕದ್ದಕ್ಕೆ ಸುಟ್ಟ ಎದೆ ಉರಿದು ಹಾಯ್ ಎಂದಳು. ನನ್ನನ್ನು ಒಳಗೆ ಕರೆದರು, ಮಾತು ಅಲ್ಲಿಗೇ ನಿಂತಿತು. ಯಂತ್ರದ ಕೆಳಗೆ ಅಲುಗಾಡದೆ ಮಲಗಿ ಅದನ್ನೇ ಯೋಚಿಸಿದೆ. ಇಷ್ಟು ದಿನ ನನ್ನ ಮುಂದೆ ಎರಡೇ ದಾರಿ ಇದ್ದವು: ಮೊದಲಿನಂತಾಗುವುದು, ಇಲ್ಲ ಸಾಯುವುದು. ತೂತಿದ್ದೂ ತಾನು ತಾನೇ ಎಂದು ಒಬ್ಬ ಎದ್ದು ನಿಂತು ಹೇಳಬಹುದು ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ಕತೆ ನಿಜವೋ ಸುಳ್ಳೋ, ನನಗೆ ಬೇಕಾಗಿದ್ದ ಮಾತು ಅದರಲ್ಲಿತ್ತು. ಸಂಜೆ ಮನೆಗೆ ಹೋಗಿ ಆಪರೇಷನ್‌ಗೆ ಹೂಂ ಎಂದೆ. ಮನೆಯವರು ಅಂಗಳಕ್ಕೆ ಹೋಗಿ ಬಹಳ ಹೊತ್ತು ಮೂಗು ಸೀಟುತ್ತ ನಿಂತರು.

ಆಪರೇಷನ್ನಿನ ಹಿಂದಿನ ದಿನ ನರ್ಸು ನನ್ನನ್ನು ಕೂಡಿಸಿ, ಬಗ್ಗಿಸಿ, ನಿಲ್ಲಿಸಿ, ಸೀರೆಯ ನೆರಿಗೆ ಎಲ್ಲಿಗೆ ಸಿಕ್ಕಿಸುತ್ತೀರಿ ಎಂದು ಕೇಳಿ, ಅದಕ್ಕೆ ಅಡ್ಡವಾಗದಂತೆ ಹೊಟ್ಟೆಯ ಮೇಲೆ ಪೆನ್ನಿನಿಂದ ಗುರುತು ಹಾಕಿದಳು. ಆ ಪೂರ್ತಿ ಆಸ್ಪತ್ರೆಯಲ್ಲಿ ನಾನು ಮತ್ತೆ ಸೀರೆ ಉಡುತ್ತೇನೆ ಎಂದು ಲೆಕ್ಕಕ್ಕೆ ಹಿಡಿದವಳು ಆಕೆ ಒಬ್ಬಳೇ. ಅದನ್ನು ನಾನು ಮರೆಯಲಾರೆ.

ಎಚ್ಚರವಾದ ಮೇಲಿನ ದಿನಗಳನ್ನು ಚೆಂದ ಮಾಡಿ ಹೇಳುವುದಿಲ್ಲ. ಅದು ಕೆಂಪಗೆ, ಒದ್ದೆಯಾಗಿ, ಕೊಯ್ದ ಟೊಮೆಟೊದಂತೆ ಹೊಟ್ಟೆಯ ಮೇಲೆ ಕೂತಿತ್ತು. ಅದಕ್ಕೆ ಹೊತ್ತುಗೊತ್ತಿಲ್ಲ, ಮಾನಮರ್ಯಾದೆ ಇಲ್ಲ, ಡಾಕ್ಟರು ಮಾತಾಡುವಾಗಲೇ ಸದ್ದು ಮಾಡುತ್ತಿತ್ತು. ಚೀಲ ಬದಲಿಸುವುದನ್ನು ನರ್ಸು ಕಲಿಸುವಾಗ ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ಕಲಿತವರು ನಮ್ಮ ಮನೆಯವರು. ಮೊದಲ ಸಲ ಚೀಲ ಕೈಜಾರಿ ಹಾಸಿಗೆಯೆಲ್ಲ ಹೊಲಸಾಯಿತು. ನಾನು ಅತ್ತೆ. ಅವರು ಒರೆಸುತ್ತ, ಒಂದನೇ ಇಯತ್ತೆಯ ಹುಡುಗರು ಇದಕ್ಕಿಂತ ಹೆಚ್ಚು ಮಾಡುತ್ತಿದ್ದರು ಎಂದರು.

ಸಗುಣಾಬಾಯಿ ವಾರ್ಡಿಗೆ ಬಂದಳು. ಎಳನೀರು ತಂದಿರಲಿಲ್ಲ, ಹ್ಯಾಂಗಿದ್ದಿ ಎಂದೂ ಕೇಳಲಿಲ್ಲ. ಪರದೆ ಎಳೆದು, ಸೆರಗು ಸರಿಸಿ, ಕುಪ್ಪಸದ ಗುಂಡಿ ಬಿಚ್ಚಿ ತನ್ನ ಚಪ್ಪಟೆ ಎದೆಯನ್ನು ನನಗೆ ತೋರಿಸಿದಳು. ಸುಟ್ಟ ಚರ್ಮ, ಅಡ್ಡಕ್ಕೆ ಒಂದು ಉದ್ದ ಗೆರೆ. ಆಮೇಲೆ ನಿನ್ನದು ತೋರಿಸು ಎಂದಳು. ಅಲ್ಲಿಯ ತನಕ ನಾನೇ ಸರಿಯಾಗಿ ನೋಡಿರಲಿಲ್ಲ. ಅವಳ ಜೊತೆ ನೋಡಿದೆ. ಕನ್ನಡಕ ಏರಿಸಿ, ಬಗ್ಗಿ, ಹೊಲಿಗೆಯ ಉದ್ದಕ್ಕೂ ಕಣ್ಣು ಹಾಯಿಸಿ, ಮಗ್ಗಲಿನ ಒಂದು ಹೊಲಿಗೆ ಸ್ವಲ್ಪ ಎಳೆದಿದೆ, ಉಳಿದದ್ದು ಚೊಕ್ಕ ಆಗಿದೆ ಎಂದು ಹೊಲಿಗೆ ಟೀಚರಿನ ತೀರ್ಪು ಕೊಟ್ಟಳು.

ಮನೆಗೆ ಬಂದಾಗ ನನ್ನ ಆರೈಕೆಗೆಂದು ಗುರುಬಾಯಿ ಬಂದಿದ್ದಳು. ನನಗೆ ಬೇರೆ ತಾಟು, ಬೇರೆ ತಂಬಿಗೆ, ದೇವರ ಕೋಣೆಯ ಹೊಸ್ತಿಲಾಚೆ ಒಂದು ಚಾಪೆ, ಎಲ್ಲ ಸಿದ್ಧ ಮಾಡಿಟ್ಟಿದ್ದಳು. ಪ್ರೀತಿಯಿಂದಲೇ ಮಾಡಿದ್ದಳು, ಅದೇ ಇನ್ನೂ ಸಿಟ್ಟು ತರಿಸಿತು. ನಾನು ಸ್ನಾನ ಮಾಡಿ ಚಾಪೆಯನ್ನು ಕಾಲಿನಿಂದ ಸರಿಸಿ ಒಳಗೆ ಹೋಗಿ ಮಣೆಯ ಮೇಲೆ ಕೂತೆ, ವಿಭೂತಿ ಹಚ್ಚಿಕೊಂಡು ಲಿಂಗವನ್ನು ಅಂಗೈ ಮೇಲಿಟ್ಟುಕೊಂಡೆ. ಆಕೆ ಬಾಗಿಲಲ್ಲಿ ಬಂದು ನಿಂತು ಶಾರದಾ ಎಂದಳು. ಚೀಲ ಅದೇ ಹೊತ್ತಿಗೆ ಗುರ್ ಎಂದಿತು.

“ಲಿಂಗ ಕಟ್ಟಿದವ್ರಿಗಿ ಸೂತಕ ಇಲ್ಲ ಅಂತ ನಾಕ ಮಂದಿ ಮುಂದ ನೀವಽ ಹೇಳತೀರಿ ಅಕ್ಕಾ. ಹೇಲು ಎಲ್ಲಾರ ಹೊಟ್ಟ್ಯಾಗೂ ಅದ. ನಿಮ್ಮ ಹೊಟ್ಟ್ಯಾಗೂ ಅದ. ನಂದು ಕಾಣತದ, ಅಷ್ಟಽ.”

ಅಡುಗೆಮನೆಯಲ್ಲಿದ್ದ ಮನೆಯವರು ಕೈ ಒರೆಸಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತರು, ತಮ್ಮ ಲಿಂಗವನ್ನೂ ತೆಗೆದು ಅಂಗೈ ಮೇಲಿಟ್ಟುಕೊಂಡರು. ಗುರುಬಾಯಿ ಮಧ್ಯಾಹ್ನದ ಬಸ್ಸಿಗೇ ಚಪಳಗಾಂವಕ್ಕೆ ಹೊರಟುಹೋದಳು. ಹೋಗಿ ನನ್ನ ಚೀಲದ ವರ್ಣನೆಯನ್ನು ಇಡೀ ಊರಿಗೆ ಹಂಚಿದಳು. ಅದು ಆಕೆ ನನಗೆ ಮಾಡಿದ ದೊಡ್ಡ ಉಪಕಾರ, ಮುಚ್ಚಿಡುವ ಕೆಲಸವೇ ಉಳಿಯಲಿಲ್ಲ. ಈಗ ಆಕೆ ಬಂದರೆ ನನ್ನ ಕೈಯ ಅಡುಗೆಯನ್ನೇ ಉಣ್ಣುತ್ತಾಳೆ. ಮೊದಮೊದಲು ಮುಖ ಸಿಂಡರಿಸಿ ಉಣ್ಣುತ್ತಿದ್ದಳು, ಈಗ ಉಪ್ಪು ಕಡಿಮೆ ಎಂದು ಹೆಸರಿಡುತ್ತ ಉಣ್ಣುತ್ತಾಳೆ.

ನಾನು ಕಚೇರಿಗೆ ಮರಳಿದೆ. ಸಗುಣಾಬಾಯಿಯ ರೋಗ ಎಲುಬಿಗೆ ಇಳಿಯಿತು. ನಂಬಿಕೆಯಲ್ಲಿ ಕೊರತೆ ಇತ್ತೆಂದು ಯಾರಾದರೂ ಈ ಬಗ್ಗೆ ಹೇಳಿದರೆ ನಾಲಿಗೆ ಕಿತ್ತೇನು. ಕೊನೆಕೊನೆಗೆ ಆಕೆಗೆ ನೋವು ತಡೆಯಲಾಗುತ್ತಿರಲಿಲ್ಲ, ತನ್ನ ದೇವರನ್ನು ಬಾಯಿತುಂಬ ಬೈಯುತ್ತಿದ್ದಳು, ಬೈದು ಮುಗಿದ ಮೇಲೆ ಅವನನ್ನೇ ಪ್ರಾರ್ಥಿಸುತ್ತಿದ್ದಳು. ಹೋದಳೆಂದು ಮಗ ಸುಧೀರ ಫೋನ್ ಮಾಡಿದ. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟವೆಲ್ ನೇಯುವ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿರುವವನು, ನಲವತ್ತು ದಾಟಿದವನು. ಅವತ್ತು ನನ್ನ ಹೊಟ್ಟೆ ಕೆಟ್ಟಿತ್ತು, ಚೀಲ ನಿಲ್ಲುತ್ತಿರಲಿಲ್ಲ. ಮಣ್ಣಿಗೆ ಹೋಗಲಾಗದೆ ಮನೆಯಲ್ಲೇ ಬಿದ್ದುಕೊಂಡು ಅತ್ತೆ. ಒಬ್ಬನನ್ನು ಎಬ್ಬಿಸಿ ಸುಸ್ತಾದನೋ ಏನೋ ಆಕೆಯ ದೇವರು, ಇವಳ ಸರದಿ ಬಂದಾಗ ಮಲಗಿಬಿಟ್ಟನಲ್ಲ ಎಂದು ಸಿಟ್ಟು ಉಕ್ಕಿತು.

ನಾವೂ ಸತ್ತವರನ್ನು ಮಣ್ಣು ಮಾಡುವವರು. ಮೂರನೇ ದಿನ ಗೋರಿಗೆ ಹೋಗಿ ಹಾಲುತುಪ್ಪ ಎರೆಯುವುದು ನಮ್ಮ ಪದ್ಧತಿ. ಅವರಲ್ಲಿ ಅದು ಇರುವುದಿಲ್ಲ, ಅಲ್ಲಿ ಹೋಗಿ ನಗೆಪಾಟಲಾಗಬೇಡ ಎಂದು ಮನೆಯವರು ಹೇಳಿದರು. ಅವರಲ್ಲಿ ಇಲ್ಲದಿದ್ದರೆ ನಮ್ಮಲ್ಲಿ ಇದೆ ಎಂದು ಸ್ಟೀಲಿನ ಡಬ್ಬಿಯಲ್ಲಿ ಹಾಲು, ಸಣ್ಣ ಬಟ್ಟಲಲ್ಲಿ ತುಪ್ಪ ತೆಗೆದುಕೊಂಡು ಸೋಲಾಪುರಕ್ಕೆ ಹೊರಟೆ. ಸುಧೀರ ಸ್ಮಶಾನದ ಗೇಟಿನಲ್ಲಿ ಕಾದಿದ್ದು ನನ್ನನ್ನು ಒಳಗೆ ಕರೆದೊಯ್ದ. ಹಸಿ ಮಣ್ಣಿನ ದಿಬ್ಬ, ಬಾಡಿದ ಹೂವು, ಮರದ ಶಿಲುಬೆ. ದಿಬ್ಬ ಹೇಗಿತ್ತೋ ಹಾಗೇ ಇತ್ತು, ಒಂದು ಹೆಂಟೆಯೂ ಸರಿದಿರಲಿಲ್ಲ. ನಾನು ಡಬ್ಬಿ ತೆರೆದದ್ದು ನೋಡಿ ಅವನಿಗೆ ಸಂಕೋಚವಾಯಿತು.

“ಮೌಶಿ, ನಮ್ಮಲ್ಲಿ ಹಾಲುತುಪ್ಪ ಹಾಕೂದು ಇಲ್ರಿ. ಅವ್ವ ಒಂದಿನ ಎದ್ದ ಬರತಾಳ ಅಂತ ನಂಬೂ ಮಂದಿ ನಾವು.”

“ಎದ್ದ ಬಂದಾಕಿಗಿ ಹಸಿವಿ ಆಗೂದಿಲ್ಲೇನೋ?” ಎಂದೆ. ದನಿ ಜೋರಾಗಿಯೇ ಬಂತು.

ಸುಧೀರನಿಗೆ ಬೈಬಲ್ಲಿನ ಒಂದು ಮಾತು ನೆನಪಾಯಿತು. ಯೇಸು ಎದ್ದು ಬಂದು ಕೈಕಾಲಿನ ಗಾಯ ತೋರಿಸಿದ ಮೇಲೂ ಮಂದಿ ಬಾಯಿ ಬಿಟ್ಟು ನಿಂತಿದ್ದರಂತೆ. ಆಗ ಅವನು ತಿನ್ನಲು ಏನಾದರೂ ಇದೆಯೇ ಎಂದು ಕೇಳಿದನಂತೆ. ಅವ್ವ ಇದನ್ನು ಓದುವಾಗೆಲ್ಲ ನಗುತ್ತಿದ್ದಳು ಎಂದು ಹೇಳಿದ. ಆಮೇಲೆ ಪ್ಯಾಂಟು ಮೇಲೆಳೆದು ಕುಕ್ಕರುಗಾಲಲ್ಲಿ ಕೂತು, ಹೂವನ್ನು ಪಕ್ಕಕ್ಕೆ ಸರಿಸಿ, ಕೈಯಿಂದ ಮಣ್ಣಲ್ಲಿ ಒಂದು ಸಣ್ಣ ಕುಣಿ ಮಾಡಿದ.

ನಾನು ಹಾಲು ಎರೆದೆ. ಅವನು ಬಟ್ಟಲು ಇಸಿದುಕೊಂಡು ತುಪ್ಪ ಎರೆದ.